ಈಡಿನ ಲೆಕ್ಕ

ಮಲೆನಾಡಿನ ಕನ್ನಡದಲ್ಲಿ ಕೋವಿಗೆ ಈಡು ತುಂಬುತ್ತಾರೆ, ಈಡು ಹೊಡೆಯುತ್ತಾರೆ. ಅದೇ 'ಈಡು' ಎಂಬ ಮಾತಿಗೆ ಸರಿಸಮ, ಜೋಡಿ ಎಂಬ ಅರ್ಥವೂ ಇದೆ. ಮದುವೆ ಮಾತುಕತೆಯಲ್ಲಿ ಹುಡುಗ ಹುಡುಗಿ ಈಡುಜೋಡಾಗಿದ್ದಾರೆ ಅನ್ನುತ್ತಾರಲ್ಲ, ಹಾಗೆ. ಬಾಯಿಂದ ಮದ್ದು ತುಂಬುವ ಕೋವಿಯ ಚರಿತ್ರೆಯನ್ನು ಓದುತ್ತಾ ಹೋದಂತೆ ಈ ಎರಡು ಅರ್ಥಗಳು ಒಂದೇ ಮಾತಿನೊಳಗೆ ಕೂತಿರುವುದು ನನಗೆ ಬಹಳ ಸರಿ ಅನ್ನಿಸತೊಡಗಿತು. ಆ ಕೋವಿಯ ಮುಖ್ಯ ಪ್ರಶ್ನೆಯೇ ಅದು: ಈ ನಳಿಗೆಗೆ ಎಷ್ಟು ಮದ್ದು, ಎಂಥ ಗುಂಡು ಈಡಾಗುತ್ತದೆ?

ಇವತ್ತು ಈ ಪ್ರಶ್ನೆಯನ್ನು ಅತ್ಯಂತ ಶ್ರದ್ಧೆಯಿಂದ ಕೇಳುತ್ತಿರುವವರು ಅಮೆರಿಕದ ಜಿಂಕೆ ಬೇಟೆಗಾರರು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಬೇಟೆಯ ಕಾಲವನ್ನು ಆಯುಧದ ಪ್ರಕಾರ ಹಂಚಿದ್ದಾರೆ. ಬಿಲ್ಲಿಗೆ ಕೆಲವು ವಾರ, ತೋಟಾ ರೈಫಲ್ಲಿಗೆ ಕೆಲವು ದಿನ, ಬಾಯಿಂದ ತುಂಬುವ ಕೋವಿಗೆ, ಅಂದರೆ ಮಜಲ್‌ಲೋಡರಿಗೆ, ಕೆಲವು ದಿನ. ಈ ಮೂರನೆಯ ಕಾಲಕ್ಕೆಂದು ಅವರಲ್ಲಿ ಹೆಚ್ಚಿನವರು ಕೊಳ್ಳುವುದು 'ಇನ್‌ಲೈನ್' ಎಂಬ ಹೊಸ ಬಗೆಯ ಕೋವಿ. ಮದ್ದು ಗುಂಡುಗಳನ್ನು ಹಳೆಯ ಕಾಲದಂತೆ ಬಾಯಿಂದಲೇ ತುಂಬಿ ಗಜದಿಂದ ಒತ್ತಬೇಕು. ಆದರೆ ಬೆಂಕಿ ಹುಟ್ಟುವ ಪ್ರೈಮರ್ ಪಕ್ಕದಲ್ಲಿರದೆ ನಳಿಗೆಯ ಹಿಂದೆ, ಅದೇ ಸರಳರೇಖೆಯಲ್ಲಿ ಇರುತ್ತದೆ. ಇನ್‌ಲೈನ್ ಎಂಬ ಹೆಸರು ಬಂದದ್ದು ಅದರಿಂದ. ಹೊಡೆದರೆ ಒಂದೇ ಈಡು. ಎರಡನೆಯದನ್ನು ತುಂಬುವಷ್ಟರಲ್ಲಿ ಜಿಂಕೆ ಸತ್ತಿರಬೇಕು, ಇಲ್ಲವೇ ಗಾಯಗೊಂಡು ಕಾಡು ಸೇರಿರುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ನಾನು ಬೇಟೆಯಾಡಿದವನಲ್ಲ, ಆಡಬೇಕೆಂಬ ಆಸೆಯೂ ಇಲ್ಲ. ಚೆನ್ನೈನ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದೇ ನಕ್ಷೆಯಿಂದ, ಒಂದೇ ಯಂತ್ರದಲ್ಲಿ ತಯಾರಾದ ಎರಡು ವಸ್ತುಗಳು ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ ಎಂಬುದು ನಮ್ಮ ದಿನನಿತ್ಯದ ಪಾಠ. ಆ ಪಾಠವನ್ನು ಜಗತ್ತು ಕೋವಿಯಿಂದ ಹೇಗೆ ಕಲಿಯಿತು, ಮರೆಯಿತು, ಮತ್ತೆ ಕಲಿಯಿತು ಎಂಬುದೇ ಈ ಬರಹದ ವಿಷಯ. ಕಥೆಯ ಒಂದು ಮುಖ್ಯ ತಿರುವು ಚೆನ್ನೈಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇದೆ.

ಅಂಗೈ, ಹಿಮ, ಬೆರಳು

ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಕಮ್ಮಾರರು ಉದ್ದ ನಳಿಗೆಯ ರೈಫಲ್ಲುಗಳನ್ನು ಮಾಡುತ್ತಿದ್ದರು. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳು, ಅವು ಗುಂಡಿಗೆ ಬುಗುರಿಯ ಹಾಗೆ ತಿರುಗುವ ಗುಣ ಕೊಡುತ್ತವೆ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದು. ಎಣ್ಣೆಯೋ ಕೊಬ್ಬೋ ಸವರಿದ ಬಟ್ಟೆಯ ತುಂಡಿನಲ್ಲಿ ಅದನ್ನು ಸುತ್ತಿ ಒತ್ತಿದರೆ ಬಟ್ಟೆ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಇಂಥ ಕೋವಿಗೆ ಮದ್ದಿನ ಪ್ರಮಾಣ ಎಷ್ಟು? ಅಳೆಯುವ ಒಂದು ಜನಪದ ಕ್ರಮ ಹೀಗಿತ್ತು: ಅಂಗೈಯಲ್ಲಿ ಸೀಸದ ಗುಂಡಿಟ್ಟು, ಅದು ಕಾಣದಂತೆ ಮುಚ್ಚುವಷ್ಟು ಮದ್ದು ಸುರಿ. ಇನ್ನೊಂದು ಕ್ರಮ ಹಿಮದ ಮೇಲೆ ಹೊಡೆಯುವುದು. ಬಿಳಿ ಹಿಮದ ಮೇಲೆ ಉರಿಯದ ಮದ್ದಿನ ಕಪ್ಪು ಕಾಳುಗಳು ಬಿದ್ದರೆ ಹೆಚ್ಚಾಯಿತು ಎಂದರ್ಥ. ಸ್ವಲ್ಪ ಕಡಿಮೆ ಮಾಡು. ಇಂಥ ಕಮ್ಮಾರರು ಕೋವಿ ಮಾರುವಾಗ ಆ ಕೋವಿಗೇ ಹೊಂದುವ ಗುಂಡಿನ ಅಚ್ಚನ್ನೂ ಜೊತೆಗೆ ಕೊಡುವುದು ರೂಢಿಯಾಗಿತ್ತು. ಪಕ್ಕದ ಮನೆಯವನ ಅಚ್ಚು ನಿನ್ನ ಕೋವಿಗೆ ಆಗದು.

ನಮ್ಮ ಕಡೆಯ ಕೇಪಿನ ಕೋವಿಗೆ ಅಳತೆ ಬೆರಳು. ಮದ್ದು, ತೆಂಗಿನ ಜುಂಗು, ಚರೆ ಅಥವಾ ಗುಂಡು ಎಲ್ಲ ಹಾಕಿ ಗಜದಿಂದ ಗಟ್ಟಿಸಿದ ಮೇಲೆ ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿದೆ ಎಂದು ನೋಡುತ್ತಿದ್ದರು. ನಾಲ್ಕು ಬೆರಳಿನ ಈಡು, ಐದು ಬೆರಳಿನ ಈಡು ಎಂಬ ಮಾತನ್ನು ಅಜ್ಜನ ಕಾಲದವರ ಬಾಯಲ್ಲಿ ಕೇಳಿದ್ದೇನೆ. ಬೇರೆಯವರ ಕೋವಿಯನ್ನು ಎರವಲು ತಂದವನು ಮೊದಲು ಕೇಳುತ್ತಿದ್ದುದು, ಇದಕ್ಕೆ ಎಷ್ಟು ಬೆರಳು ಎಂದು. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಗಳನ್ನು ಪೂಜೆಗಿಟ್ಟು ತೋಕ್ ಪೂ ಸಿಕ್ಕಿಸುವುದನ್ನು ನೋಡಿದವರಿಗೆ ಕೋವಿ ಅಲ್ಲಿ ಮನೆಯ ಒಬ್ಬ ಸದಸ್ಯನ ಹಾಗೆ ಎಂದು ಗೊತ್ತು. ಮನೆಯವನ ಊಟದ ಅಳತೆ ಮನೆಯವರಿಗೇ ತಿಳಿದಿರುತ್ತದೆ.

ಅಂಗೈ, ಹಿಮ, ಬೆರಳು: ಮೂರೂ ಒರಟು ಅಳತೆಗಳೇ. ಆದರೆ ಮೂರರಲ್ಲೂ ಒಂದು ತಿಳಿವಳಿಕೆ ಇದೆ. ಅಳತೆ ಕೋವಿಗೆ ಸೇರಿದ್ದು, ಅದನ್ನು ಕೋವಿಯನ್ನೇ ಕೇಳಿ ತಿಳಿಯಬೇಕು.

ಕಡಲೂರಿನಲ್ಲಿ ಸತ್ತ ಗಣಿತಜ್ಞ

ಕೇಳುವ ಕೆಲಸಕ್ಕೆ ವಿಜ್ಞಾನದ ರೂಪ ಕೊಟ್ಟವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದ ಈತ ಸೈನಿಕನಲ್ಲ, ಗಣಿತ ಬಲ್ಲವನು. 1742ರಲ್ಲಿ ಗುಂಡುಗಾರಿಕೆಯ ಹೊಸ ತತ್ವಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಮೂರೇ ವರ್ಷದಲ್ಲಿ ಮಹಾಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದು, ತನ್ನ ಟಿಪ್ಪಣಿಗಳಿಂದ ಅದನ್ನು ಹಲವು ಪಟ್ಟು ಬೆಳೆಸಿದ.

ರಾಬಿನ್ಸನ ಉಪಕರಣ ನೋಡಲು ಸರಳ. ಭಾರವಾದ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಹಲಗೆಯಲ್ಲಿ ಹೂತು ನಿಲ್ಲುತ್ತದೆ, ಹಲಗೆ ಹಿಂದಕ್ಕೆ ತೂಗುತ್ತದೆ. ಹಲಗೆಗೆ ಕಟ್ಟಿದ ಪಟ್ಟಿ ಎಷ್ಟು ಎಳೆದುಕೊಂಡಿತೆಂದು ಅಳೆದರೆ ತೂಗಿದ ದೂರ ಗೊತ್ತಾಗುತ್ತದೆ. ಗುಂಡಿನ ತೂಕ, ಹಲಗೆಯ ತೂಕ ಗೊತ್ತಿದ್ದರೆ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ಕಣ್ಣಿಗೆ ಕಾಣದ ವೇಗ ಹೀಗೆ ಮೊದಲ ಸಲ ಅಂಕಿಯಾಯಿತು. ಸೈನ್ಯದ ಮಸ್ಕೆಟ್ಟಿನ ಗುಂಡು ಸೆಕೆಂಡಿಗೆ 1600 ಅಡಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ ಎಂದು ತಿಳಿಯಿತು.

ಅದಕ್ಕಿಂತ ದೊಡ್ಡ ಆಶ್ಚರ್ಯ ಲೋಲಕವನ್ನು ದೂರ ಇಟ್ಟಾಗ ಕಾದಿತ್ತು. ಗುಂಡು ಗಾಳಿಯಲ್ಲಿ ಅಷ್ಟು ದೂರ ಸಾಗುವಷ್ಟರಲ್ಲೇ ವೇಗದ ಗಣನೀಯ ಪಾಲನ್ನು ಕಳೆದುಕೊಳ್ಳುತ್ತಿತ್ತು. ಶಬ್ದದ ವೇಗ ಮೀರಿದ ಗುಂಡಿಗೆ ಗಾಳಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಹಾಗಾದರೆ ಇನ್ನಷ್ಟು ಮದ್ದು ಸುರಿದು ವೇಗ ಹೆಚ್ಚಿಸಿ ಏನು ಲಾಭ? ಹೆಚ್ಚುವರಿ ವೇಗವನ್ನು ಗಾಳಿ ಮೊದಲೇ ತಿಂದುಬಿಡುತ್ತದೆ, ಉಳಿಯುವುದು ಭುಜಕ್ಕೆ ಪೆಟ್ಟು ಮಾತ್ರ. ಕಡಿಮೆ ಮದ್ದು ಸಾಕು ಎಂಬ ರಾಬಿನ್ಸನ ವಾದ ಅಂದಿನ ಫಿರಂಗಿಯವರಿಗೆ ರುಚಿಸುವಂಥದ್ದಾಗಿರಲಿಲ್ಲ.

ಗುಂಡು ಗುರಿ ತಪ್ಪುವುದು ಯಾಕೆ ಎಂಬುದನ್ನೂ ಅವನೇ ತೋರಿಸಿದ. ಒಂದು ಮಸ್ಕೆಟ್ಟಿನ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ, ಎದುರಿಗೆ ತೆಳು ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ಹೊರಳಿತು. ಬಗ್ಗಿದ ನಳಿಗೆಯಲ್ಲಿ ಒಂದು ಗೋಡೆಗೆ ಉಜ್ಜಿಕೊಂಡು ಬಂದ ಗುಂಡು ತಿರುಗುತ್ತಿತ್ತು, ಆ ತಿರುಗುವಿಕೆ ಗಾಳಿಯಲ್ಲಿ ಅದರ ದಾರಿಯನ್ನು ಬಾಗಿಸಿತು. ನಮ್ಮ ಸ್ಪಿನ್ನರುಗಳ ಚೆಂಡು ಗಾಳಿಯಲ್ಲಿ ತೇಲಿ ಹೊರಳುವುದೂ ಇದೇ ತತ್ವದಿಂದ. ನುಣುಪು ನಳಿಗೆಯಲ್ಲಿ ಪ್ರತಿ ಗುಂಡೂ ಅತ್ತಿತ್ತ ಬಡಿದು ಬೇರೆ ಬೇರೆ ದಿಕ್ಕಿಗೆ ತಿರುಗುತ್ತಾ ಹೊರಬರುತ್ತದೆ. ಸುರುಳಿ ಗೀರಿದ್ದರೆ ಎಲ್ಲ ಗುಂಡುಗಳೂ ಒಂದೇ ದಿಕ್ಕಿಗೆ, ಸಾಗುವ ದಾರಿಯ ಸುತ್ತಲೇ ತಿರುಗುತ್ತವೆ. 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ರಾಬಿನ್ಸ್ ಇದನ್ನು ವಿವರಿಸಿ, ರೈಫಲ್ಲನ್ನು ಮೊದಲು ಅರ್ಥ ಮಾಡಿಕೊಂಡು ಸೈನ್ಯಕ್ಕೆ ತರುವ ದೇಶ ಉಳಿದವರನ್ನು ಮೀರಿಸುತ್ತದೆ ಎಂಬ ಭವಿಷ್ಯ ನುಡಿದ.

ಆ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅವನನ್ನು ತನ್ನ ಕೋಟೆಗಳ ಎಂಜಿನಿಯರಾಗಿ ನೇಮಿಸಿತು. 1750ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದ. ಒಂದು ವರ್ಷದಲ್ಲಿ, 1751ರ ಜುಲೈನಲ್ಲಿ, ಅಲ್ಲೇ ಜ್ವರದಿಂದ ತೀರಿಕೊಂಡ. 1758ರಲ್ಲಿ ಫ್ರೆಂಚರು ಆ ಕೋಟೆಯನ್ನು ಹಿಡಿದು ಕೆಡವಿದರು. ಈಗ ಗಡಿಲಂ ನದಿ ಸಮುದ್ರ ಸೇರುವ ಕಡೆ, ದೇವನಾಂಪಟ್ಟಿನಂ ಬಳಿ, ಇದ್ದಬದ್ದ ಅವಶೇಷ ಮಾತ್ರ. ಚೆನ್ನೈಯಿಂದ ಪುದುಚೇರಿಗೆ ವಾರಾಂತ್ಯಕ್ಕೆ ಹೋಗುವವರು ಇನ್ನು ಅರ್ಧ ಗಂಟೆ ಮುಂದೆ ಹೋದರೆ ಅಲ್ಲಿರುತ್ತಾರೆ. ಗುರಿ ಎಂಬ ವಿದ್ಯೆಗೆ ಲೆಕ್ಕ ಕಲಿಸಿದವನು ಸತ್ತದ್ದು ನಮ್ಮ ಬಂಗಾಳಕೊಲ್ಲಿಯ ದಂಡೆಯಲ್ಲಿ.

ಎಲ್ಲರಿಗೂ ಒಂದೇ ಈಡು

ರೈಫಲ್ ಅಷ್ಟು ಒಳ್ಳೆಯದಾದರೆ ಸೈನ್ಯಗಳು ಇನ್ನೂ ನೂರು ವರ್ಷ ಯಾಕೆ ಕಾದವು? ಉತ್ತರ ಮಸಿಯಲ್ಲಿದೆ. ಕಪ್ಪು ಮದ್ದೆಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದಾಗ ಅದರ ಅರ್ಧಕ್ಕೂ ಹೆಚ್ಚು ತೂಕ ಅನಿಲವಾಗದೆ ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ನಳಿಗೆಯ ಗೋಡೆಗೆ ಕಿಟ್ಟ ಕಟ್ಟಿ, ಬಿಗಿಯಾದ ಗುಂಡು ಇಳಿಯುವುದಿಲ್ಲ. ಯುದ್ಧದಲ್ಲಿ ಗಜದಿಂದ ಕುಟ್ಟುತ್ತಾ ನಿಲ್ಲಲು ಸಮಯವಿಲ್ಲ. ಅದಕ್ಕೇ ಬ್ರಿಟಿಷರ ಬ್ರೌನ್ ಬೆಸ್ ಮಸ್ಕೆಟ್ಟಿನಲ್ಲಿ 0.75 ಅಂಗುಲದ ನುಣುಪು ನಳಿಗೆಗೆ 0.69 ಅಂಗುಲದ ಗುಂಡು ಹಾಕುತ್ತಿದ್ದರು. ಸಲೀಸಾಗಿ ಇಳಿಯುತ್ತಿತ್ತು, ಅಷ್ಟೇ ಸಲೀಸಾಗಿ ಗುರಿ ತಪ್ಪುತ್ತಿತ್ತು.

ಈ ಗಂಟನ್ನು ಬಿಡಿಸಿದವನು ಫ್ರೆಂಚ್ ಸೇನಾಧಿಕಾರಿ ಕ್ಲೋಡ್ ಎತಿಯೆನ್ ಮಿನಿಯೆ. 1840ರ ದಶಕದ ಕೊನೆಗೆ ಅವನು ರೂಪಿಸಿದ ಗುಂಡು ಉದ್ದನೆಯದು, ಹಿಂಬದಿ ಟೊಳ್ಳು. ಬಾಯಿಂದ ಸಡಿಲವಾಗಿ ಇಳಿಯುತ್ತದೆ. ಮದ್ದು ಹೊತ್ತಿಕೊಂಡಾಗ ಅನಿಲದ ಒತ್ತಡಕ್ಕೆ ಟೊಳ್ಳು ಭಾಗ ಅರಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಇಳಿಯುವಾಗ ಸಣ್ಣದು, ಹೊರಡುವಾಗ ದೊಡ್ಡದು. ಇದೇ ತತ್ವದ ಮೇಲೆ ಬ್ರಿಟಿಷರು 1853ರ ಎನ್‌ಫೀಲ್ಡ್ ರೈಫಲ್ಲನ್ನು ಮಾಡಿದರು. 0.577 ಅಂಗುಲದ ನಳಿಗೆ, 530 ಗ್ರೇನ್ ತೂಕದ ಗುಂಡು, ಎರಡೂವರೆ ಡ್ರಾಮ್ ಮದ್ದು. ನಮ್ಮ ಲೆಕ್ಕದಲ್ಲಿ ಗುಂಡು 34 ಗ್ರಾಂ, ಮದ್ದು ಸುಮಾರು ನಾಲ್ಕೂವರೆ ಗ್ರಾಂ.

ಇಲ್ಲಿ ಅಂಗೈ ಇಲ್ಲ, ಹಿಮ ಇಲ್ಲ, ಬೆರಳಿಲ್ಲ. ಅಳೆದ ಮದ್ದು ಮತ್ತು ಗುಂಡು ಎರಡನ್ನೂ ಒಂದೇ ಕಾಗದದ ಕೊಳವೆಯಲ್ಲಿಟ್ಟು ಲಕ್ಷಗಟ್ಟಲೆ ತೋಟಾ ಕಟ್ಟಿದರು. ಸಿಪಾಯಿ ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಕೊಳವೆಯನ್ನು ತಿರುಗಿಸಿ, ಗುಂಡನ್ನು ಅದರ ಕಾಗದದ ಸಮೇತ ಒಳಗೆ ತಳ್ಳಬೇಕು. ಕಿಟ್ಟ ಕಟ್ಟಿದ ನಳಿಗೆಯಲ್ಲಿ ಅದು ಜಾರಬೇಕಲ್ಲ, ಅದಕ್ಕಾಗಿ ಗುಂಡಿನ ಕಡೆಯ ಕಾಗದಕ್ಕೆ ಜಿಡ್ಡು ಸವರಿದರು. ತಾಂತ್ರಿಕವಾಗಿ ಅದು ಸರಿಯಾದ ಉತ್ತರ. ಮಸಿ ಇದೆ, ಹಾಗಾಗಿ ಜಿಡ್ಡು ಬೇಕು. ಯಾವ ಜಿಡ್ಡು, ಅದನ್ನು ಕಚ್ಚುವವನ ಬಾಯಿ ಯಾರದು ಎಂದು ಆ ಈಡನ್ನು ಗೊತ್ತುಮಾಡಿದವರು ಕೇಳಲಿಲ್ಲ.

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ದನದ, ಹಂದಿಯ ಕೊಬ್ಬಿನ ಮಾತು ಹಬ್ಬಿತು. ಸರ್ಕಾರ ಗಾಬರಿಯಿಂದ ಹಿಂದೆ ಸರಿದು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದು ಎಂದಿತು. ಹಲ್ಲಿನಿಂದ ಕಚ್ಚುವ ಬದಲು ಕೈಯಿಂದ ಹರಿದರೂ ಆದೀತು ಎಂದು ಕವಾಯತನ್ನೇ ಬದಲಿಸಿತು. ಆಗಲೇ ತಡವಾಗಿತ್ತು. ಏಪ್ರಿಲ್ ಕೊನೆಗೆ ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ನಿರಾಕರಿಸಿದರು. ಅವರ ಕೈಗೆ ಕೊಟ್ಟದ್ದು ಹೊಸ ಎನ್‌ಫೀಲ್ಡಿನದಲ್ಲ, ಅವರು ಅದುವರೆಗೆ ಬಳಸುತ್ತಿದ್ದ ಹಳೆಯ ನಮೂನೆಯದೇ. ನಂಬಿಕೆ ಹೋದ ಮೇಲೆ ಹಳೆಯದೂ ಹೊಸದೂ ಒಂದೇ. ದಂಗೆಯ ಕಾರಣಗಳು ಹಲವು, ಜಿಡ್ಡು ಅದರಲ್ಲೊಂದು ಕಿಡಿ ಮಾತ್ರ. ಆದರೂ ನನಗೆ ಕಾಣುವುದಿಷ್ಟು: ಈಡು ಎಂದರೆ ಮದ್ದು, ಗುಂಡು, ನಳಿಗೆ ಇಷ್ಟೇ ಎಂದು ಲೆಕ್ಕ ಹಾಕಿದವರು ತುಂಬುವ ಮನುಷ್ಯನನ್ನು ಲೆಕ್ಕದಿಂದ ಬಿಟ್ಟಿದ್ದರು.

ಅದರ ಬಿಸಿ ಕನ್ನಡ ನೆಲಕ್ಕೂ ತಟ್ಟಿತು. ದಂಗೆಗೆ ಹೆದರಿದ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಿಸಲಿಲ್ಲ. 1857ರ ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಹಲಗಲಿಯ ಲಾವಣಿಯನ್ನು ಶಾಲೆಯಲ್ಲಿ ಓದಿದವರಿಗೆ ಆ ಹತಾರು ಏನೆಂದು ನೆನಪಿರಬಹುದು. ಅವನ ಕೋವಿಗೆ ಎಷ್ಟು ಮದ್ದು ಎಂದು ಬಲ್ಲವನ ಕೈಯಿಂದ ಕೋವಿಯನ್ನೇ ಕಸಿದುಕೊಂಡ ಕಥೆ ಅದು. ಕೊಡಗಿನವರಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಆ ಪದ್ಧತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು.

ಎನ್‌ಫೀಲ್ಡಿನ ಒಂದೇ ಈಡು ಕೋವಿಯ ಮಟ್ಟಿಗೂ ನೆಟ್ಟಗಿರಲಿಲ್ಲ. ಭಾರತದ ಬಿಸಿಲಿನಲ್ಲಿ ಕಿಟ್ಟ ಬೇಗ ಒಣಗಿ ಗಟ್ಟಿಯಾಗುತ್ತಿತ್ತು. 0.568 ಅಂಗುಲದ ಗುಂಡು ಸಿಕ್ಕಿಕೊಳ್ಳುತ್ತಿತ್ತು. 1859ರಲ್ಲಿ ಅದನ್ನು 0.55 ಅಂಗುಲಕ್ಕೆ ಇಳಿಸಬೇಕಾಯಿತು. ಇಂಗ್ಲೆಂಡಿನ ತಂಪಿನಲ್ಲಿ ಒಪ್ಪಿದ ಅಳತೆ ಇಲ್ಲಿ ಒಪ್ಪಲಿಲ್ಲ.

ವಿಟ್‌ವರ್ಥನ ಆರು ಮೂಲೆ

ಅದೇ ಹೊತ್ತಿಗೆ ಇನ್ನೊಬ್ಬ ಅಳತೆಯವನು ಬಂದ. ಜೋಸೆಫ್ ವಿಟ್‌ವರ್ಥ್. ತಿರುಪು ಮೊಳೆಗಳಿಗೆ ಪ್ರಮಾಣ ಅಳತೆ ಕೊಟ್ಟವನು. ಹಳೆಯ ಗ್ಯಾರೇಜುಗಳಲ್ಲಿ ಅವನ ಹೆಸರಿನ ಸ್ಪ್ಯಾನರುಗಳು ಇನ್ನೂ ಸಿಗುತ್ತವೆ. 1854ರಲ್ಲಿ ಸರ್ಕಾರ ಅವನನ್ನು ರೈಫಲ್ ಉತ್ಪಾದನೆಯ ಬಗ್ಗೆ ಸಲಹೆ ಕೇಳಿತು. ಅವನ ಮೊದಲ ಉತ್ತರ, ಯಾವ ನಳಿಗೆ ಒಳ್ಳೆಯದೆಂದು ಯಾರಿಗೂ ತಿಳಿದಿಲ್ಲ, ಮೊದಲು ಪರೀಕ್ಷೆ ಮಾಡೋಣ ಎಂಬ ಅರ್ಥದ್ದು. ಮ್ಯಾಂಚೆಸ್ಟರಿನ ತನ್ನ ಮನೆಯ ಅಂಗಳದಲ್ಲಿ ಗಾಳಿಗೆ ಮರೆಯಾಗಿ 500 ಗಜ ಉದ್ದದ ಮುಚ್ಚಿದ ಓಣಿಯನ್ನು ಕಟ್ಟಿಸಿ, ಒಂದೊಂದೇ ಅಂಶವನ್ನು ಬದಲಿಸುತ್ತಾ ಹೋದ.

ಕೊನೆಗೆ ಬಂದದ್ದು ಆರು ಮೂಲೆಯ, 0.451 ಅಂಗುಲದ ನಳಿಗೆ. ಗೀರಿನ ಸುರುಳಿ 20 ಅಂಗುಲಕ್ಕೆ ಒಂದು ಸುತ್ತು. ಎನ್‌ಫೀಲ್ಡಿನಲ್ಲಿ ಅದು 78 ಅಂಗುಲಕ್ಕೆ ಒಂದು. 1857ರ ಪರೀಕ್ಷೆಯಲ್ಲಿ 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡು ಅಡಿಗೂ ಹೆಚ್ಚು ಆಚೀಚೆಯಾದರೆ, ವಿಟ್‌ವರ್ಥನವು ನಾಲ್ಕೂವರೆ ಅಂಗುಲದ ಆಸುಪಾಸು. 1860ರ ಜುಲೈನಲ್ಲಿ ವಿಂಬಲ್ಡನ್ನಿನಲ್ಲಿ ರಾಣಿ ವಿಕ್ಟೋರಿಯಾ, ಪೀಠಕ್ಕೆ ಬಿಗಿದಿಟ್ಟ ವಿಟ್‌ವರ್ಥ್ ರೈಫಲ್ಲಿನ ದಾರವನ್ನು ಎಳೆದಾಗ 400 ಗಜ ದೂರದ ಗುರಿಯ ನಡುಬಿಂದುವಿಗೆ ಒಂದೂಕಾಲು ಅಂಗುಲ ಪಕ್ಕದಲ್ಲಿ ಗುಂಡು ಕೂತಿತು. ಆದರೂ ಸೈನ್ಯ ಅದನ್ನು ಕೊಳ್ಳಲಿಲ್ಲ. ಸಣ್ಣ ನಳಿಗೆ ಬೇಗ ಮಸಿ ಕಟ್ಟುತ್ತದೆ, ಬೆಲೆಯೂ ಹೆಚ್ಚು. ನಿಖರತೆ ಸಿಕ್ಕಿತ್ತು, ಮಸಿಗೆ ಮದ್ದು ಸಿಕ್ಕಿರಲಿಲ್ಲ.

ವಿಟ್‌ವರ್ಥ್ ಪ್ರಯೋಗದಿಂದ ಕಂಡದ್ದಕ್ಕೆ 1879ರಲ್ಲಿ ವುಲಿಚ್‌ನ ಗಣಿತಜ್ಞ ಗ್ರೀನ್‌ಹಿಲ್ ಒಂದು ಸೂತ್ರ ಕೊಟ್ಟ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಷ್ಟು ಅಂಗುಲಕ್ಕೆ ಒಂದು ಸುತ್ತು ಬೇಕೆಂಬ ಉತ್ತರ ಬರುತ್ತದೆ. ಅರ್ಧ ಅಂಗುಲದ ಉರುಟು ಗುಂಡಿಗೆ ಲೆಕ್ಕ ಹಾಕಿದರೆ 75 ಅಂಗುಲ. ನಿಧಾನ ಸುರುಳಿ ಸಾಕು. ಅದೇ 0.45 ಅಂಗುಲ ವ್ಯಾಸದ, ಒಂದು ಅಂಗುಲಕ್ಕಿಂತ ತುಸು ಉದ್ದದ ಗುಂಡಿಗಾದರೆ 28 ಅಂಗುಲದ ಸುರುಳಿ ಬೇಕು. ಈ 28 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಹಳೆಯದಕ್ಕೆ ಹೊಸ ಜನ್ಮ

ಹಿಂದಿನಿಂದ ತುಂಬುವ ತೋಟಾ ಕೋವಿಗಳು ಬಂದ ಮೇಲೆ ಬಾಯಿಂದ ತುಂಬುವ ಕೋವಿ ಅಟ್ಟ ಸೇರಿತು. ಅಮೆರಿಕದಲ್ಲಿ ಅಟ್ಟದಿಂದ ಅದನ್ನು ಇಳಿಸಿದವರು ಹವ್ಯಾಸಿಗಳು. 1933ರಲ್ಲಿ ಅವರದೊಂದು ರಾಷ್ಟ್ರೀಯ ಸಂಘ ಹುಟ್ಟಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಅದರ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ಜಿಂಕೆಗಳ ಸಂಖ್ಯೆ ಏರಿದಂತೆ ರಾಜ್ಯಗಳು ಈ ಕೋವಿಗೆಂದೇ ಬೇಟೆಯ ದಿನಗಳನ್ನು ಗೊತ್ತುಮಾಡಿದವು. ಕಷ್ಟದ ಆಯುಧ ಹಿಡಿದವನಿಗೆ ಒಂದಿಷ್ಟು ಹೆಚ್ಚಿನ ಅವಕಾಶ.

ಕಪ್ಪು ಮದ್ದು ಸ್ಫೋಟಕ ಎಂಬ ವರ್ಗಕ್ಕೆ ಸೇರಿದ್ದರಿಂದ ಸಾಗಿಸಲು, ಅಂಗಡಿಯಲ್ಲಿಡಲು ಕಟ್ಟುನಿಟ್ಟು ಬಹಳ. ಡಾನ್ ಪಾವ್ಲಾಕ್ ಎಂಬಾತ ಅದರ ಬದಲಿಗೆ ಪೈರೋಡೆಕ್ಸ್ ಎಂಬ ಮದ್ದನ್ನು ಕಂಡುಹಿಡಿದ. 1970ರ ದಶಕದ ನಡುವೆ ಅದು ಮಾರುಕಟ್ಟೆಗೆ ಬಂತು. 1977ರಲ್ಲಿ ಅದರ ಕಾರ್ಖಾನೆಯಲ್ಲಾದ ಸ್ಫೋಟದಲ್ಲಿ ಪಾವ್ಲಾಕನೂ ಅವನ ಸಂಗಡಿಗರೂ ಸತ್ತರು. ಮದ್ದು ಉಳಿಯಿತು. ಇದು ಕಪ್ಪು ಮದ್ದಿಗಿಂತ ಹಗುರ. ಅದಕ್ಕೇ ಇದನ್ನು ತೂಕದಲ್ಲಲ್ಲ, ಪಾವಿನಲ್ಲಿ ಅಕ್ಕಿ ಅಳೆದಂತೆ ಅಳತೆಯ ಕೊಳವೆಯಲ್ಲಿ ಅಳೆಯುತ್ತಾರೆ. 100 ಗ್ರೇನ್ ಕಪ್ಪು ಮದ್ದು ಹಿಡಿಯುವ ಕೊಳವೆಯ ತುಂಬ ಪೈರೋಡೆಕ್ಸ್ ತುಂಬಿದರೆ ತಕ್ಕಡಿಯಲ್ಲಿ 70ರ ಸುಮಾರಿಗೆ ಬರುತ್ತದೆ. ಅಂಕಿಯನ್ನು ತೂಕವೆಂದು ತಿಳಿದು ತಕ್ಕಡಿಯಲ್ಲಿ 100 ತೂಗಿದರೆ ನಳಿಗೆಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚಾಗುತ್ತದೆ. ಇನ್ನು ಆಧುನಿಕ ತೋಟಾಗಳ ಹೊಗೆರಹಿತ ಮದ್ದನ್ನು ಇಂಥ ಕೋವಿಗೆ ಸುರಿದರೆ ನಳಿಗೆಯೇ ಸಿಡಿದು ಹೊಡೆಯುವವನ ಕೈ, ಮುಖ ಹೋಗಬಹುದು. ಇಂಥ ಬಹುತೇಕ ಕೋವಿಗಳ ಕೈಪಿಡಿಯ ಮುಖ್ಯ ಎಚ್ಚರಿಕೆ ಅದು.

1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬ ಕೋವಿ ರಿಪೇರಿಯವನು ಎಂಕೆ-85 ಎಂಬ ಇನ್‌ಲೈನ್ ರೈಫಲ್ ಮಾಡಿದ. ಕೊಲೊರಾಡೊಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದ ಗೆಳೆಯರಿಗೆ ಮಳೆ ಹಿಮದಲ್ಲೂ ಕೈಕೊಡದ, ಸುಲಭವಾಗಿ ತೊಳೆಯಬಹುದಾದ ಕೋವಿ ಬೇಕಿತ್ತು. ಹಿಂದಿನ ಬಿರಡೆಯನ್ನು ತಿರುಪಿ ತೆಗೆದರೆ ನಳಿಗೆಯ ಆಚೆ ತುದಿ ಕಾಣುವಷ್ಟು ಸಲೀಸು. ನೂರಾರು ವರ್ಷ ಕಾಡಿದ ಮಸಿಗೆ ಕೊನೆಗೂ ಸಿಕ್ಕ ಉತ್ತರ ಎರಡೂ ಕಡೆ ತೆರೆದ ಒಂದು ಕೊಳವೆ. ಇಂಥ ಕೋವಿಗಳ ನಳಿಗೆಯ ಸುರುಳಿ ಸಾಮಾನ್ಯವಾಗಿ 28 ಅಂಗುಲಕ್ಕೆ ಒಂದು ಸುತ್ತು. ಅರ್ಧ ಅಂಗುಲದ ನಳಿಗೆಯಲ್ಲಿ 0.45 ಅಂಗುಲದ ಉದ್ದ ಗುಂಡು, ಸುತ್ತ ಪ್ಲಾಸ್ಟಿಕ್ಕಿನ ತೆಳು ಬಟ್ಟಲು. ಅದಕ್ಕೆ ಸ್ಯಾಬೊ ಎಂದು ಹೆಸರು. ಪೆನ್ಸಿಲ್ವೇನಿಯಾದ ಬಟ್ಟೆಯ ತುಂಡು ಪ್ಲಾಸ್ಟಿಕ್ಕಾಗಿ ಮರಳಿತ್ತು, ಗ್ರೀನ್‌ಹಿಲ್ಲನ ಲೆಕ್ಕವೂ ಜೊತೆಗೆ ಬಂದಿತ್ತು. ತಮಾಷೆಯೆಂದರೆ ಇದೇ ಕೊಲೊರಾಡೊ ಮುಂದೆ ತನ್ನ ಮಜಲ್‌ಲೋಡರ್ ಕಾಲಕ್ಕೆ ಸ್ಯಾಬೊವನ್ನೂ ಮದ್ದಿನ ಬಿಲ್ಲೆಗಳನ್ನೂ ದೂರದರ್ಶಕವನ್ನೂ ಬೇಡವೆಂದಿತು. ಹಾಗಾಗಿ ಅಲ್ಲಿನವನ ಈಡು ಬೇರೆ, ಮಿಸೌರಿಯವನ ಈಡು ಬೇರೆ.

ಕೋವಿಯನ್ನು ಕೇಳುವುದು

1990ರ ದಶಕದಲ್ಲಿ 50 ಗ್ರೇನ್‌ಗೆ ಸಮನಾದ ಪೈರೋಡೆಕ್ಸ್ ಬಿಲ್ಲೆಗಳು ಬಂದವು. ಅಳೆಯುವ ರಗಳೆಯಿಲ್ಲ, ಎರಡು ಬಿಲ್ಲೆ ಹಾಕು, ಗುಂಡು ಒತ್ತು. ಬೇಗನೆ ಮೂರು ಬಿಲ್ಲೆಯ, 150 ಗ್ರೇನಿನ 'ಮ್ಯಾಗ್ನಮ್' ಎಂಬ ಮಾತು ಜಾಹೀರಾತುಗಳಲ್ಲಿ ಮೊಳಗಿತು. ಹೆಚ್ಚು ಮದ್ದು, ಹೆಚ್ಚು ದೂರ. ರಾಬಿನ್ಸ್ 250 ವರ್ಷ ಹಿಂದೆ ಕೆಡವಿದ ನಂಬಿಕೆ ಹೊಸ ಡಬ್ಬಿಯಲ್ಲಿ ಮತ್ತೆ ಮಾರಾಟಕ್ಕೆ ಬಂತು. ಅನುಭವಿಗಳು ಹೇಳುವುದು ಬೇರೆ: ಬಹಳಷ್ಟು ಇನ್‌ಲೈನ್ ಕೋವಿಗಳು ಅತ್ಯಂತ ಬಿಗಿಯಾದ ಗುಂಪು ಕೊಡುವುದು ಗರಿಷ್ಠ ಮಿತಿಯಲ್ಲಲ್ಲ, ಅದಕ್ಕಿಂತ ಸಾಕಷ್ಟು ಕೆಳಗೆ.

ಅವರು ಹುಡುಕುವ ಕ್ರಮವನ್ನು ಓದುವಾಗ ನನಗೆ ನಮ್ಮ ಪ್ರಯೋಗಾಲಯವೇ ನೆನಪಾಗುತ್ತದೆ. ತಯಾರಕನ ಕೈಪಿಡಿ ಹೇಳುವ ಮಿತಿ ಮೊದಲ ಗೆರೆ, ಅದನ್ನು ದಾಟುವಂತಿಲ್ಲ. ಒಂದು ಗುಂಡು, ಒಂದು ಸ್ಯಾಬೊ, ಒಂದು ಪ್ರೈಮರನ್ನು ಆರಿಸಿ ಅವನ್ನು ಬದಲಿಸದೆ, ಮದ್ದನ್ನು ಮಾತ್ರ ಕೆಳಗಿನಿಂದ ಐದೈದು ಗ್ರೇನ್ ಏರಿಸುತ್ತಾ ಹೋಗುತ್ತಾರೆ. ಮರಳುಚೀಲದ ಮೇಲೆ ಕೋವಿಯಿಟ್ಟು 100 ಗಜದ ಗುರಿಗೆ ಪ್ರತಿ ಅಳತೆಯಲ್ಲೂ ಮೂರೋ ಐದೋ ಈಡು. ಗುಂಡುಗಳು ನಡುಬಿಂದುವಿಗೆ ಬಿದ್ದವೇ ಎಂದು ಈಗ ನೋಡುವುದಿಲ್ಲ. ದರ್ಶಕ ತಿರುಪಿ ಅದನ್ನು ಆಮೇಲೆ ಸರಿಮಾಡಬಹುದು. ನೋಡುವುದು ಅವು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂದು. ಒಳ್ಳೆಯ ಗುಂಪು ಸಿಕ್ಕಿದ ಮೇಲೆ ಆ ಮದ್ದನ್ನು ಹಾಗೇ ಇಟ್ಟು, ಗುಂಡನ್ನೋ ಸ್ಯಾಬೊವನ್ನೋ ಪ್ರೈಮರನ್ನೋ ಬದಲಿಸುತ್ತಾರೆ. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತೆಂದು ತಿಳಿಯುವುದಿಲ್ಲ. ಮೂರು ಗುಂಡು ಅದೃಷ್ಟದಿಂದಲೂ ಒತ್ತಾಗಿ ಬೀಳಬಹುದು. ಬಲ್ಲವರು ಇನ್ನೊಂದು ದಿನ ಬಂದು ಅದನ್ನೇ ಮತ್ತೆ ಹೊಡೆದು ನೋಡುತ್ತಾರೆ.

ಇದರ ನಡುವೆ ಮಸಿಯ ಕಾಟ ಇದ್ದೇ ಇದೆ. ಕೆಲವು ಮದ್ದು ಪ್ರೈಮರುಗಳ ಜೋಡಿಯಲ್ಲಿ ಗುಂಡು ಕೂರುವ ಜಾಗದಲ್ಲೇ ಬಳೆಯಂತೆ ಕಿಟ್ಟ ಕಟ್ಟುತ್ತದೆ. ಮುಂದಿನ ಗುಂಡು ಅಲ್ಲಿ ತಡೆದು ನಿಂತರೆ ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿಯುತ್ತದೆ, ಅದು ಅಪಾಯ. ಅದಕ್ಕೇ ಪ್ರತಿ ಈಡಿನ ನಂತರ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ನಳಿಗೆಯೊಳಗೆ ಆಡಿಸುತ್ತಾರೆ, ಪ್ರತಿ ಸಲವೂ ಒಂದೇ ರೀತಿ. ಬಿಸಿಯಾದ ನಳಿಗೆಯಲ್ಲಿ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ತಣಿಯುವವರೆಗೆ ಕಾಯುತ್ತಾರೆ. ಇನ್ನು ಗಜದ ಮೇಲೆ, ಈಡು ಸರಿಯಾಗಿ ಕೂತಾಗ ನಳಿಗೆಯ ಬಾಯಿಗೆ ಸಮನಾಗುವ ಕಡೆ, ಒಂದು ಗೆರೆ ಗೀಚಿಕೊಳ್ಳುತ್ತಾರೆ. ಗೆರೆ ಬಾಯಿಗಿಂತ ಮೇಲೆ ನಿಂತರೆ ಗುಂಡು ಪೂರ್ತಿ ಇಳಿದಿಲ್ಲ, ಅಥವಾ ಒಳಗೆ ಮೊದಲೇ ಒಂದು ಈಡು ಇದೆ. ನಾಲ್ಕು ಬೆರಳಿನ ಲೆಕ್ಕ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಕೋವಿಗಳು ಒಂದೇ ಈಡನ್ನು ಬೇರೆ ಬೇರೆಯಾಗಿ ಹೊಡೆಯುತ್ತವೆ ಎಂಬುದನ್ನು ಅವರೆಲ್ಲ ಒಪ್ಪುತ್ತಾರೆ. ನಳಿಗೆಯ ವ್ಯಾಸದಲ್ಲಿ ಅಂಗುಲದ ಸಾವಿರದ ಒಂದೆರಡು ಪಾಲು ವ್ಯತ್ಯಾಸವಾದರೆ ಸಾಕು, ಸ್ಯಾಬೊ ಒಂದರಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ಅದಕ್ಕೇ ಬೇರೆಯವನ ಈಡನ್ನು ಕೇಳಿ ತಿಳಿದುಕೊಳ್ಳಬಹುದು, ಆದರೆ ಅದು ಹುಡುಕಾಟದ ಆರಂಭವಷ್ಟೇ. ಎಷ್ಟು ಬೆರಳು ಎಂದು ಕೇಳಿದವನು ಆಮೇಲೆ ತಾನೂ ಒಂದು ಈಡು ಹೊಡೆದು ನೋಡಲೇಬೇಕು.

ಇಷ್ಟೆಲ್ಲ ಮದ್ದು, ದಿನ, ಹಣ ಸುರಿದು ಕೊನೆಗೆ ಸಿಗುವುದೇನು? 100 ಗಜದಲ್ಲಿ ಒಂದೂವರೆ ಅಂಗುಲದ ಗುಂಪು, 150ರಲ್ಲಿ ಅದು ಇಷ್ಟಾಗುತ್ತದೆ, 200ರಲ್ಲಿ ಗುಂಡು ಇಷ್ಟು ಕೆಳಗೆ ಬೀಳುತ್ತದೆ ಎಂಬ ಒಂದು ಸಣ್ಣ ಪಟ್ಟಿ. ಆ ಪಟ್ಟಿಯನ್ನು ಇನ್ನೂ ದೂರ ಹೊಡೆಯುವ ಧೈರ್ಯಕ್ಕೆ ಬಳಸುವವರಿದ್ದಾರೆ. ಒಳ್ಳೆಯ ಬೇಟೆಗಾರರು ಅದನ್ನು ಓದುವುದು ತಿರುಗುಮುರುಗಾಗಿ. ತನ್ನ ಕೋವಿ, ತನ್ನ ಈಡು, ತನ್ನ ಕೈ ಸೇರಿ ಜಿಂಕೆಯ ಎದೆಗೆ ಖಂಡಿತ ಮುಟ್ಟುವುದು ಎಲ್ಲಿಯವರೆಗೆ ಎಂದು ತಿಳಿದ ಮೇಲೆ, ಅದರಾಚೆ ನಿಂತ ಜಿಂಕೆಗೆ ಅವರು ಕೋವಿ ಎತ್ತುವುದಿಲ್ಲ. ಅದು ಮೇಯುತ್ತಾ ಮರದ ಮರೆಗೆ ಹೋಗುವವರೆಗೆ ನೋಡುತ್ತಾ ಕೂತಿದ್ದು, ಸಂಜೆ ಕೋವಿಯಿಂದ ಈಡು ಇಳಿಸಿಕೊಂಡು ಮನೆಗೆ ಹೋಗುತ್ತಾರೆ.